ಕುಚ್ಚಿನ ಕೂಲಿ ಯಾರ ಜೇಬಿಗೆ?

ಓದುಗರ ಪತ್ರ: "ಕೆಲವು ವರ್ಷಗಳಿಂದ ಮನೆಯಲ್ಲೇ ಸೀರೆಗೆ ಕುಚ್ಚು ಹಾಕುತ್ತಿದ್ದೇನೆ. ಇಲ್ಲಿನ ಒಂದು ಸೀರೆ ಅಂಗಡಿಯವರು ಕೆಲಸ ಕೊಡುತ್ತಾರೆ. ಮಣಿ ಹಾಕಿದ ಕ್ರೋಶಾ ಕುಚ್ಚಿಗೆ 200 ರೂಪಾಯಿ. ಒಂದು ಸೀರೆಗೆ ಐದು ಗಂಟೆ ಹಿಡಿಯುತ್ತದೆ. ದಾರ, ಮಣಿ ನನ್ನದೇ, ಅದಕ್ಕೆ ಸುಮಾರು 60 ರೂಪಾಯಿ ಹೋಗುತ್ತದೆ. ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯವರು 'ಸುಮ್ನೆ ಕರೆಂಟ್ ಬಿಲ್ ದಂಡ' ಅಂತಾರೆ. ನೆಂಟರು 'ಹೇಗೂ ಮನೇಲೇ ಇರ್ತೀಯಲ್ಲ' ಅಂತ ಪುಕ್ಕಟೆ ಮಾಡಿಸಿಕೊಳ್ಳುತ್ತಾರೆ. ನನಗೆ ಟೈಮ್ ಮ್ಯಾನೇಜ್‌ಮೆಂಟ್ ಬರುವುದಿಲ್ಲ ಅನಿಸುತ್ತದೆ. ಸಾಲ ಮಾಡಿ ಅಂಗಡಿ ಇಡಲಾ? ಇಲ್ಲ ಮೊಬೈಲ್‌ನಲ್ಲಿ ಬರುವ ಡಾಟಾ ಎಂಟ್ರಿ ಕೆಲಸ ಹಿಡಿಯಲಾ?" – ಹೆಸರು ಬೇಡವೆಂದ ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಟೈಮ್ ಮ್ಯಾನೇಜ್‌ಮೆಂಟ್ ಬರುವುದಿಲ್ಲ ಅಂದಿರಲ್ಲ, ಅದು. ಐದು ಗಂಟೆ ಕತ್ತು ಬಗ್ಗಿಸಿ ಒಂದು ಸೆರಗು ಮುಗಿಸುತ್ತೀರಿ. ಅದರ ನಡುವೆಯೇ ಅಡುಗೆ, ಪಾತ್ರೆ, ಬಾಗಿಲಿಗೆ ಬಂದವರಿಗೆ ಕಾಫಿ. ನಿಮಗೆ ಸಮಯ ಹೊಂದಿಸುವುದು ಬರುವುದಿಲ್ಲ ಅಂದರೆ ಇನ್ಯಾರಿಗೆ ಬರುತ್ತದೆ? ತೊಂದರೆ ಇರುವುದು ರೇಟಿನಲ್ಲಿ.

ನೀವೇ ಕೊಟ್ಟ ಅಂಕಿಗಳನ್ನು ಹಿಡಿದು ನೋಡೋಣ. 200ರಲ್ಲಿ ದಾರ, ಮಣಿಯ 60 ಕಳೆದರೆ ಉಳಿಯುವುದು 140. ಐದು ಗಂಟೆಗೆ ಹಂಚಿದರೆ ಗಂಟೆಗೆ 28 ರೂಪಾಯಿ. ದಿನಕ್ಕೆ ಎಂಟು ಗಂಟೆ ಕೂತರೂ 224 ದಾಟುವುದಿಲ್ಲ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳು ಎತ್ತುವ ಕೆಲಸ ಸುಲಭ ಅಂತ ಇದರ ಅರ್ಥವಲ್ಲ. ಆದರೆ ಸರ್ಕಾರ ಯಾವ ಕೌಶಲವನ್ನೂ ಕೇಳದೆ ಕೊಡುವ ಕೂಲಿಗಿಂತ ನಿಮ್ಮ ಕೈಯ ಕಸುಬಿಗೆ ಕಡಿಮೆ ಸಿಗುತ್ತಿದೆ. ಕರೆಂಟು, ಸೀರೆ ತರಲು ಕೊಡಲು ಓಡಾಡುವ ಆಟೋ, ಮುಂದೊಂದು ದಿನ ಬರುವ ಕನ್ನಡಕ, ಇವನ್ನೆಲ್ಲ ನಾನಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ಈಗ ಅಂಗಡಿಯವರ ಕಡೆಯಿಂದ ನೋಡಿ. ನಿಮ್ಮನ್ನು ಅವರು ಅಂಗಡಿಯಲ್ಲೇ ಕೂರಿಸಿಕೊಂಡಿದ್ದರೆ ಜಾಗ ಬೇಕಿತ್ತು. ಫ್ಯಾನು, ಲೈಟು, ಶೌಚಾಲಯ ಬೇಕಿತ್ತು. ಆಷಾಢದಲ್ಲಿ ಮದುವೆ ಇಲ್ಲ, ಸೀರೆ ಇಲ್ಲ ಅಂದರೂ ಸಂಬಳ ಕೊಡಬೇಕಿತ್ತು. ನೀವು ಮನೆಯಲ್ಲಿ ಕೂತಿರುವುದರಿಂದ ಅದಿಷ್ಟನ್ನೂ ನಿಮ್ಮ ಮನೆಯೇ ಕೊಡುತ್ತಿದೆ. ಆಷಾಢದ ಖಾಲಿ ತಿಂಗಳೂ ನಿಮ್ಮ ಲೆಕ್ಕಕ್ಕೇ. ಮನೆಯಲ್ಲಿ ಮಾಡುವ ಕೆಲಸ ಅಗ್ಗ ಅಂತಾರಲ್ಲ, ಅಗ್ಗ ಆಗಿರುವುದು ಅವರಿಗೆ. 'ಕರೆಂಟ್ ಬಿಲ್ ದಂಡ' ಎಂಬ ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ದಂಡ ಕಟ್ಟುತ್ತಿರುವುದು ಹೌದು, ಅದು ಅಂಗಡಿಯ ಪರವಾಗಿ. ಇದನ್ನು ಮನೆಯವರಿಗೂ ಒಮ್ಮೆ ಕೂರಿಸಿ ಹೇಳಿ.

ಇದು ಹೊಸ ಕತೆಯೇನಲ್ಲ. ನಮ್ಮ ಕರಾವಳಿಯ ಬೀಡಿ ಕಟ್ಟುವವರನ್ನು ಕೇಳಿದರೆ ಗೊತ್ತಾಗುತ್ತದೆ. ಗುತ್ತಿಗೆದಾರರು ಎಲೆ, ಹೊಗೆಸೊಪ್ಪು ಕೊಡುತ್ತಾರೆ. ಹೆಂಗಸರು ಮನೆಗೆ ತಂದು ಎಲೆ ನೆನೆಸಿ, ಕತ್ತರಿಸಿ, ಸುತ್ತಿ, ನೂಲು ಕಟ್ಟಿ ವಾಪಸ್ ಕೊಡುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಹಿಂದೆ ಬೀಡಿ ಕಂಪನಿಗಳ ವಾದ ಏನಿತ್ತು ಗೊತ್ತೇ? ಇವರು ನಮ್ಮ ಕಾರ್ಖಾನೆಗೆ ಬರುವುದಿಲ್ಲ, ಯಾವಾಗ ಕೂರುತ್ತಾರೆ, ಯಾವಾಗ ಏಳುತ್ತಾರೆ ನಮಗೆ ಗೊತ್ತಿಲ್ಲ, ಹಾಗಿದ್ದ ಮೇಲೆ ನಮ್ಮ ಕಾರ್ಮಿಕರು ಹೇಗಾಗುತ್ತಾರೆ ಅಂತ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಹೇಳಿತು. ಕಂಪನಿಗಳು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ಕಂಪನಿಯ ಹೆಸರಿನಲ್ಲೇ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ ಪಿಎಫ್ ಜಗಳ ಶುರುವಾಯಿತು. 1985ರಲ್ಲಿ ಅದೇ ಕೋರ್ಟು ಕೊಟ್ಟ ತೀರ್ಪು ನನಗೆ ತುಂಬಾ ಇಷ್ಟ. ಕಟ್ಟಿದ ಬೀಡಿ ಸರಿಯಿಲ್ಲ ಅಂತ ತಿರಸ್ಕರಿಸುವ ಹಕ್ಕು ಕಂಪನಿಯ ಕೈಯಲ್ಲಿ ಇದೆಯಲ್ಲ, ಅದೇ ಕಂಪನಿಯ ಹಿಡಿತ, ಆದ್ದರಿಂದ ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂಬುದು ಅದರ ಸಾರ.

ಬೀಡಿ ಕೆಲಸವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮುವವರ ಕಷ್ಟ ಬೇರೆಯೇ ಇದೆ. ಹೇಳಿದ್ದು ಯಾಕೆಂದರೆ, ನಿಮ್ಮ ಅಂಗಡಿಯವರೂ ಗಂಟು ಸಡಿಲ ಇದೆ, ಮಣಿ ಬಣ್ಣ ಹೊಂದಲಿಲ್ಲ ಅಂತ ಕುಚ್ಚು ಬಿಚ್ಚಿಸಿ ಮತ್ತೆ ಹಾಕಿಸುವವರೇ ಅಲ್ವಾ? ಹಾಗಿದ್ದರೆ ನಿಮ್ಮದು 'ಟೈಮ್‌ಪಾಸ್' ಹೇಗಾಯಿತು? ನೀವು ಅವರ ಕೆಲಸ ಮಾಡುವವರು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗೃಹಾಧಾರಿತ ಕಾರ್ಮಿಕ ಎಂದರೆ ಯಾರು ಅಂತ ಬರೆದಿದ್ದಾರೆ. ಕೂಲಿಗಾಗಿ ತನ್ನ ಮನೆಯಲ್ಲಿ ಇನ್ನೊಬ್ಬರಿಗೆ ಕೆಲಸ ಮಾಡಿಕೊಡುವವರು, ಸಾಮಾನು ಸಲಕರಣೆ ಯಾರದ್ದೇ ಆಗಿರಲಿ. ದಾರ ನಿಮ್ಮದಾದರೂ ನೀವು ಅದರಲ್ಲಿ ಬರುತ್ತೀರಿ. ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ಹೆಸರು ಬರೆಸಿಲ್ಲದಿದ್ದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ ಬರೆಸಿ. ಅದರಿಂದ ನಾಳೆಯೇ ರೇಟು ಏರುವುದಿಲ್ಲ. ಕಾಗದದಲ್ಲಿ ನೀವು ಇದ್ದೀರಿ ಅಂತ ಆಗುತ್ತದೆ, ಅಷ್ಟೇ.

ರೇಟು ಏರಿಸಬೇಕಾದವರು ನೀವೇ. ಒಬ್ಬರೇ ಹೋಗಿ ಕೇಳಿದರೆ ಅಂಗಡಿಯವರು ಪಕ್ಕದ ಬೀದಿಯ ಇನ್ನೊಬ್ಬರಿಗೆ ಸೀರೆ ಕೊಡುತ್ತಾರೆ. ಆ ಭಯ ನಿಮಗೂ ಇದೆ, ಆ ಇನ್ನೊಬ್ಬರಿಗೂ ಇದೆ. ಹಾಗಾಗಿ ಮೊದಲು ಆಕೆಯನ್ನೇ ಹುಡುಕಿ ಮಾತಾಡಿ. ನಿಮ್ಮ ಅಂಗಡಿಗೆ ಕುಚ್ಚು ಹಾಕುವವರು ಬಹಳ ಜನ ಇರಲಾರರು. ಒಬ್ಬರಿಗೆ 200, ಇನ್ನೊಬ್ಬರಿಗೆ 250 ಕೊಡುತ್ತಿದ್ದರೂ ಆಶ್ಚರ್ಯವಿಲ್ಲ. ಇಷ್ಟು ಕಡಿಮೆಗೆ ಯಾರೂ ಹಾಕುವುದಿಲ್ಲ, ದಾರ ಮಣಿ ಅಂಗಡಿಯದ್ದೇ ಆಗಬೇಕು ಅಂತ ಎಲ್ಲರೂ ಒಂದೇ ಮಾತು ಹೇಳಿ. ಕೇಳುವುದಾದರೆ ಮದುವೆ ಸೀಸನ್ ನಡುವೆ ಕೇಳಿ, ಆಷಾಢದಲ್ಲಿ ಬೇಡ.

ಅಹಮದಾಬಾದ್‌ನಲ್ಲಿ 1972ರಲ್ಲಿ ಇಳಾ ಭಟ್ ಅವರು ಸ್ವಂತವಾಗಿ ದುಡಿಯುವ ಹೆಂಗಸರಿಗಾಗಿ 'ಸೇವಾ' (SEWA) ಎಂಬ ಸಂಘ ಕಟ್ಟಲು ಹೋದಾಗ, ನಿಮಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಅಂತ ಕಾರ್ಮಿಕ ಇಲಾಖೆ ತಕರಾರು ತೆಗೆದಿತ್ತು. ಸಂಘ ಇರುವುದು ದುಡಿಯುವವರು ಒಟ್ಟಾಗುವುದಕ್ಕೆ, ಎದುರಾಳಿ ಇರಲೇಬೇಕು ಅಂತೇನಿಲ್ಲ ಎಂದು ವಾದಿಸಿ ನೋಂದಣಿ ಮಾಡಿಸಿದರು. ನಿಮಗೆ ಅಷ್ಟು ದೊಡ್ಡದು ಬೇಡ. ಒಂದು ವಾಟ್ಸಾಪ್ ಗ್ರೂಪು ಸಾಕು. ಸ್ತ್ರೀಶಕ್ತಿ ಗುಂಪಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು, ವಾರದ ಸಭೆಯಲ್ಲಿ ಉಳಿತಾಯದ ಜೊತೆ ರೇಟಿನ ಮಾತೂ ಆಗಲಿ.

ಜೊತೆಗೆ ಅಂಗಡಿಯನ್ನೇ ನಂಬಿಕೊಳ್ಳಬೇಡಿ. ಬ್ಲೌಸ್ ಹೊಲಿಯುವ ಟೈಲರ್‌ಗಳನ್ನು ಮಾತಾಡಿಸಿ. ಹೊಸ ಸೀರೆ ಬ್ಲೌಸಿಗೆ ಬಂದಾಗ ಕುಚ್ಚು, ಫಾಲ್ಸ್ ಕೂಡ ಅಲ್ಲೇ ಕೇಳುತ್ತಾರೆ. ಟೈಲರಿಗೆ ಸ್ವಲ್ಪ ಕಮಿಷನ್ ಕೊಟ್ಟರೂ ಅಂಗಡಿ ರೇಟಿಗಿಂತ ಜಾಸ್ತಿ ಉಳಿಯಬಹುದು. ನೀವು ಹಾಕಿದ ಪ್ರತಿ ಕುಚ್ಚಿನ ಫೋಟೊ ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ, ಗಿರಾಕಿ ಬಂದಾಗ ತೋರಿಸಲು. ಸೀರೆ ಕೈಗೆ ಬಂದ ತಕ್ಷಣ, ಕೊಟ್ಟವರ ಎದುರಿಗೇ ಬಿಡಿಸಿ ಇನ್ನೊಂದು ಫೋಟೊ ತೆಗೆಯಿರಿ. ಹತ್ತು ಸಾವಿರದ ರೇಷ್ಮೆ ಸೀರೆಯಲ್ಲಿ ಮೊದಲೇ ಇದ್ದ ಎಣ್ಣೆ ಕಲೆಗೆ ನೀವು ದುಡ್ಡು ಕೊಡುವ ಹಾಗೆ ಆಗಬಾರದು. ಹೊಸ ಗಿರಾಕಿಯಿಂದ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ನಾಚಿಕೆ ಬೇಡ.

ನೆಂಟರ ವಿಷಯ ಕಷ್ಟದ್ದು. ನಾದಿನಿಗೆ, ಚಿಕ್ಕಮ್ಮನಿಗೆ ದುಡ್ಡು ಕೇಳುವುದು ಹೇಗೆ? ಕೂಲಿ ಕೇಳಲು ಬಾಯಿ ಬರದಿದ್ದರೆ ದಾರ, ಮಣಿ ಅವರೇ ತರಲಿ ಅನ್ನಿ. ಎಷ್ಟೋ ಜನ ಅಷ್ಟಕ್ಕೇ ಹಿಂದೆ ಸರಿಯುತ್ತಾರೆ. ತಂದುಕೊಟ್ಟವರಿಗೆ, ಅಂಗಡಿ ಸೀರೆ ಮುಗಿದ ಮೇಲೆ ಹಾಕುತ್ತೇನೆ ಅಂತ ತಾರೀಖು ಹೇಳಿ. ಮದುವೆ ನಾಳೆ ಇದೆ ಅಂತ ಇವತ್ತು ಬರುವವರು ಇದ್ದೇ ಇರುತ್ತಾರೆ. ಅವರ ಮದುವೆಗೆ ನೀವೂ ಹೋಗಬೇಕಲ್ಲ, ಆ ಸೀರೆ ಮಾತ್ರ ಹಾಕಿಕೊಡಿ!

ಡಾಟಾ ಎಂಟ್ರಿ ಖಂಡಿತ ಬೇಡ. ಮನೆಯಲ್ಲೇ ಟೈಪ್ ಮಾಡಿ ಸಂಪಾದಿಸಿ ಅಂತ ಮೊಬೈಲಿಗೆ ಬರುವ ಮೆಸೇಜು ನಂಬುವಂಥದ್ದಲ್ಲ. ಕೆಲಸ ಕೊಡುವವರು ಕೆಲಸಗಾರರಿಂದ ರಿಜಿಸ್ಟ್ರೇಷನ್ ಫೀ ಯಾಕೆ ಕೇಳುತ್ತಾರೆ? ಇನ್ನೊಂದು ಬಗೆ ಇದೆ. ಫೀ ಕೇಳುವುದಿಲ್ಲ, ಕೆಲಸ ಕೊಡುತ್ತಾರೆ. ಮುಗಿಸಿ ಕೊಟ್ಟ ಮೇಲೆ ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀರಿ ಅಂತ ವಕೀಲರ ಹೆಸರಿನಲ್ಲಿ ನೋಟಿಸು ಕಳಿಸಿ ಹೆದರಿಸುತ್ತಾರೆ. ಹೆದರಿ ದುಡ್ಡು ಕಟ್ಟಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇನ್ನು ಅಂಗಡಿ. ಅಡ್ವಾನ್ಸು, ಬಾಡಿಗೆ, ಬೋರ್ಡು ಅಂತ ಸಾಲ ತೆಗೆದು, ಈಗಿನ 200 ರೂಪಾಯಿ ರೇಟಿನಲ್ಲೇ ಕೂತರೆ ಬಾಡಿಗೆ ಕಟ್ಟಲೂ ಆಗುವುದಿಲ್ಲ. ಈಗ ಬೇಡ. ಮೊದಲು ಒಂದು ನೋಟ್‌ಬುಕ್ ಇಡಿ. ಸೀರೆ ಬಂದ ದಿನ, ಕೂತ ಗಂಟೆ, ದಾರ ಮಣಿ ಖರ್ಚು, ಕೈಗೆ ಬಂದ ದುಡ್ಡು, ಇಷ್ಟು ಬರೆದರೆ ಸಾಕು. ಒಂದು ಮದುವೆ ಸೀಸನ್ನು, ಒಂದು ಆಷಾಢ ಎರಡೂ ಅದರಲ್ಲಿ ಬರಲಿ. ಗಂಟೆಗೆ ಕೊನೇ ಪಕ್ಷ 60, 70 ರೂಪಾಯಿ ಬರತೊಡಗಿದರೆ, ಸ್ವಂತ ಗಿರಾಕಿಗಳೂ ಸೇರಿದರೆ, ಆಗ ಒಂದು ಪಿಕೋ ಮಷಿನ್ ತೆಗೆದುಕೊಳ್ಳುವ ಯೋಚನೆ ಮಾಡಿ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಬ್ಯಾಂಕಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.

ಇದನ್ನು ಓದುತ್ತಿರುವ ಬೇರೆ ಊರಿನವರಿಗೂ ಒಂದು ಕೋರಿಕೆ. ನಿಮ್ಮಲ್ಲಿ ಕುಚ್ಚಿಗೆ ಅಂಗಡಿಯವರು ಎಷ್ಟು ಕೊಡುತ್ತಾರೆ, ಗಿರಾಕಿಯಿಂದ ಎಷ್ಟು ತೆಗೆದುಕೊಳ್ಳುತ್ತಾರೆ, ದಾರ ಯಾರದ್ದು ಅಂತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಿಮ್ಮ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬೇಡ, ಊರು ಸಾಕು. ಮುಂದಿನ ಸಂಚಿಕೆಯಲ್ಲಿ ಊರುವಾರು ರೇಟು ಅಚ್ಚು ಹಾಕುತ್ತೇವೆ.