ಪೌಚ್ ಮುದ್ರಣಕ್ಕೆ ಕೊಡುವ ಮೊದಲು ಹೆಸರನ್ನೇ ಒಮ್ಮೆ ನೋಡಿ

ಅಕ್ಕನವರೇ, ‘ಬ್ಯಾಡಗಿ ಶುದ್ಧ ಖಾರ’ ಎಂಬ ಹೆಸರಿನ ಲೋಗೋಗೆ 30ನೇ ಕ್ಲಾಸಿನಲ್ಲಿ, ಅಂದರೆ ಮಸಾಲೆ ಪುಡಿಗಳು ಬರುವ ವರ್ಗದಲ್ಲಿ, ಟ್ರೇಡ್ ಮಾರ್ಕ್ ಅರ್ಜಿ ಹಾಕಿಸುತ್ತಿದ್ದೇನೆ, ನೋಂದಣಿಯಾಗಿದೆ ಎಂದು ತೋರಿಸುವ, ವೃತ್ತದೊಳಗೆ ಆರ್ ಗುರುತಿರುವ ಪೌಚನ್ನು ಮುದ್ರಣಕ್ಕೂ ಕೊಟ್ಟಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಮುದ್ರಣವನ್ನು ಇಂದೇ ನಿಲ್ಲಿಸಿ. ನಮ್ಮ ಸಂಘವೂ ಮೊದಲ ಸಲ ಇದೇ ದಾರಿ ಹಿಡಿದು, ಪೌಚು ಮುದ್ರಿಸುವ ಅಚ್ಚಿನ ಸಿಲಿಂಡರಿಗೆ ಕೊಟ್ಟ ಹಣವನ್ನು ಪೂರ್ತಿ ಕಳೆದುಕೊಂಡಿತು.

ಊರು, ಗುಣ, ಸರಕು ಈ ಮೂರನ್ನಷ್ಟೇ ಹೇಳುವ ಹೆಸರಿಗೆ ಟ್ರೇಡ್ ಮಾರ್ಕ್ ಕಾಯಿದೆಯ 9ನೇ ಸೆಕ್ಷನ್ನಿನಡಿ ಆಕ್ಷೇಪ ಬಾರದೆ ಇರುವುದು ಅಪರೂಪ. ಸಾಲದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಆ ಭಾಗದ ಬೆಳೆಗಾರರೆಲ್ಲರ ಸ್ವತ್ತು, ಒಬ್ಬರ ಬ್ರ್ಯಾಂಡ್ ಆಗಲಾರದು. ನೀವೇ ಬೆಳೆಯುತ್ತಿದ್ದರೆ ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು, ಆದರೆ ಆ ಕೆಲಸವೇ ಬೇರೆ. ದೇವರ ಹೆಸರಿಡುತ್ತೇನೆ ಎಂದರೂ ಯೋಚಿಸಿ. 1985ರಿಂದ ‘ನಂದಿನಿ’ ಬಳಸುತ್ತಿದ್ದ ಕೆಎಂಎಫ್, 1989ರಲ್ಲಿ ಆರಂಭವಾದ ‘ನಂದಿನಿ ಡೀಲಕ್ಸ್’ ಹೋಟೆಲಿನ ನೋಂದಣಿಗೆ ತಂದ ಆಕ್ಷೇಪ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಅದು ದೇವತೆಯ, ಹಸುವಿನ ಹೆಸರೇ ಹೊರತು ಹೊಸದಾಗಿ ಕಟ್ಟಿದ ಪದವಲ್ಲ ಎಂಬುದು ಅಲ್ಲಿ ಬಂದ ಮಾತುಗಳಲ್ಲೊಂದು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರು ಬಿಟ್ಟುಕೊಡಬೇಕಾಯಿತು.

ಹೊಸ ಹೆಸರು ಸಿಕ್ಕ ಮೇಲೆ ಟ್ರೇಡ್ ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಕಾಗುಣಿತವನ್ನಷ್ಟೇ ಅಲ್ಲ, ಉಚ್ಚಾರಣೆಯನ್ನೂ ಹಾಕಿ ಹುಡುಕಿ. ಜಿಎಸ್‌ಟಿ ಇದೆ, ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ಲೈಸೆನ್ಸಿನಲ್ಲಿ ಇದೇ ಹೆಸರಿದೆ ಎಂದು ನೆಮ್ಮದಿಯಾಗಿರುವವರು ಈ ಗುಂಪಿನಲ್ಲೇ ಎಷ್ಟು ಮಂದಿ ಇದ್ದಾರೋ! ಅವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಹಳೆಯ ಬಿಲ್ಲುಗಳ ಬಗ್ಗೆ. ಅರ್ಜಿಯಲ್ಲಿ ಯಾವ ದಿನಾಂಕದಿಂದ ಬಳಕೆ ಎಂಬ ಅಂಕಣವಿದೆ. ಏಜೆಂಟರು ಅವಸರದಲ್ಲಿ ಅಲ್ಲಿ ‘ಮುಂದೆ ಬಳಸಲಿದ್ದೇವೆ’ ಎಂದು ತುಂಬಿಬಿಡುತ್ತಾರೆ. ಹೊಸ ಹೆಸರಾದರೆ ಅದು ಸರಿ. ಆದರೆ ವರ್ಷಗಟ್ಟಲೆ ಸಂತೆಯಲ್ಲಿ ಅದೇ ಹೆಸರಿನಿಂದ ಮಾರಿದವರು ಹಾಗೆ ಬರೆಸಿದರೆ, ಮೊದಲು ಬಳಸಿದವರೆಂಬ ತಮ್ಮ ದೊಡ್ಡ ಬಲವನ್ನು ತಾವೇ ಕಡಿಮೆ ಮಾಡಿಕೊಂಡಂತೆ. ಆಮೇಲೆ ತಿದ್ದಿಸುವುದು ಸುಲಭವಲ್ಲ. ದಿನಾಂಕ ಹಾಕಿದರೆ ಅಫಿಡವಿಟ್ಟಿನೊಂದಿಗೆ ದಾಖಲೆ ಕೊಡಬೇಕು. ‘ಖಾರದ ಪುಡಿ 2 ಕೆಜಿ’ ಎಂದು ಕೈಯಲ್ಲಿ ಬರೆದ ಚೀಟಿಯಿಂದ ಬ್ರ್ಯಾಂಡ್ ಯಾವುದೆಂದು ತಿಳಿಯುವುದಿಲ್ಲ, ಆದ್ದರಿಂದ ಹೆಸರು ಮತ್ತು ದಿನಾಂಕ ಎರಡೂ ಇರುವ ಮಾರಾಟದ ಬಿಲ್, ಲೇಬಲ್ ಮುದ್ರಕರ ಇನ್‌ವಾಯ್ಸ್, ಮೇಳದ ಮಳಿಗೆಯ ರಸೀದಿ ಇವನ್ನು ಒಂದು ಫೈಲಿನಲ್ಲಿಡಿ. ಇಲ್ಲದ ಹಳೆಯ ದಿನಾಂಕವನ್ನು ಮಾತ್ರ ಬರೆಸಬೇಡಿ.

ಉಪ್ಪಿನಕಾಯಿಯನ್ನೂ ಮಾರುವಿರಾದರೆ ಅದು 29ನೇ ಕ್ಲಾಸು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದೊಂದು ಕ್ಲಾಸಿಗೂ ಸರ್ಕಾರಿ ಶುಲ್ಕ 4,500 ರೂಪಾಯಿ. 9,000 ಕೇಳಿದವರನ್ನು ಏಕೆಂದು ಕೇಳಿ. ಒಂದೇ ಅರ್ಜಿಗೆ ಹಣವಿದ್ದರೆ ಲೋಗೋಗಿಂತ ಮೊದಲು ಹೆಸರನ್ನು ಪದವಾಗಿ ನೋಂದಾಯಿಸಿ, ಏಕೆಂದರೆ ಲೋಗೋ ನೋಂದಣಿಯಾದ ಮಾತ್ರಕ್ಕೆ ಅದರೊಳಗಿನ ಪದವೊಂದರ ಮೇಲೆಯೇ ಪ್ರತ್ಯೇಕ ಹಕ್ಕು ಬಾರದು. ಕನ್ನಡ ಲಿಪಿಯ ಹೆಸರಾದರೆ ಲಿಪ್ಯಂತರ, ಅರ್ಥ ಎರಡನ್ನೂ ಕೊಡಬೇಕಾಗುತ್ತದೆ. ನೋಂದಣಿ ಆಗುವವರೆಗೆ ಆರ್ ಗುರುತಿನ ಬದಲು ಟಿಎಂ (ಟ್ರೇಡ್ ಮಾರ್ಕ್) ಎಂದಷ್ಟೇ ಮುದ್ರಿಸಿ. ಆಗದ ನೋಂದಣಿಯನ್ನು ಆಗಿದೆ ಎಂದು ತೋರಿಸುವುದನ್ನು 107ನೇ ಸೆಕ್ಷನ್ ನಿಷೇಧಿಸುತ್ತದೆ.

ಜಾಹೀರಾತಿನ ಅಗ್ಗದ ಪ್ಯಾಕೇಜುಗಳ ಮೇಲೆ ನನಗೆ ನಂಬಿಕೆಯಿಲ್ಲ. ಅರ್ಜಿ ಹಾಕುವವರೆಗೆ ದಿನಕ್ಕೆರಡು ಸಲ ಫೋನು ಮಾಡುವವರು, ರಿಜಿಸ್ಟ್ರಿಯವರು ಅರ್ಜಿಯನ್ನು ಪರಿಶೀಲಿಸಿ ಆಕ್ಷೇಪ ತಿಳಿಸುವ ಪರೀಕ್ಷಾ ವರದಿ ಬಂದಾಗ ಕರೆಯನ್ನೇ ಎತ್ತುವುದಿಲ್ಲ. ಆ ವರದಿಗೆ ಒಂದು ತಿಂಗಳೊಳಗೆ ಉತ್ತರಿಸಬೇಕು, ಮತ್ತು ಅದು ಅರ್ಜಿಯಲ್ಲಿರುವ ಇಮೇಲಿಗೇ ಹೋಗುತ್ತದೆ. ಆದ್ದರಿಂದ ಅಲ್ಲಿ ನಿಮ್ಮ ಇಮೇಲೂ ಇದೆಯೇ ಎಂದು ನೋಡಿ, ಅರ್ಜಿ ಸಂಖ್ಯೆಯನ್ನು ಪಡೆದುಕೊಂಡು ಸ್ಥಿತಿಯನ್ನು ವಾರಕ್ಕೊಮ್ಮೆ ನೀವೇ ಪರಿಶೀಲಿಸಿ. ರಿಜಿಸ್ಟ್ರಿಯ ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೂ ನಾಲ್ಕು ತಿಂಗಳ ಕಾಲ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಲೋಗೋ ಬರೆದುಕೊಟ್ಟ ಡಿಸೈನರ್‌ರಿಂದ ಹಕ್ಕು ವರ್ಗಾವಣೆಯ ಪತ್ರಕ್ಕೆ, ಹಣ ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ.