ಜೇನಹುಟ್ಟ ಕೌದಿಯ ತವರು ಯಾವುದು?

ಪ್ರಶ್ನೆ: ಅಕ್ಕ, ನಮ್ಮ ಆಯಿ ಹೊಲಿದ ಕೌದಿಯೊಂದು ಮನೆಯಲ್ಲಿದೆ. ಆರು ಮೂಲೆಯ ತುಂಡು ನಡುವೆ ಒಂದು, ಸುತ್ತ ಆರು. ಹೂವಿನ ಹಾಗೆ ಕಾಣುತ್ತದೆ. ಆಯಿ ಚಿಕ್ಕವಳಿದ್ದಾಗ ಯಾದಗಿರಿಯಲ್ಲಿ ಮಿಷನ್ ಬೋರ್ಡಿಂಗಿನಲ್ಲಿದ್ದು ಓದಿದವಳು. ಇದನ್ನು 'ಜೇನಹುಟ್ಟ ಕೌದಿ' ಅಂತಿದ್ದಳು. ಮೊನ್ನೆ ಅವಳ ಟ್ರಂಕಿನ ತಳದಲ್ಲಿ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ ಸಿಕ್ಕಿತು. ಅದರಲ್ಲೂ ಇದೇ ಹೂವು! ಮೇಲೆ 'ಗ್ರ್ಯಾಂಡ್‌ಮದರ್ಸ್ ಫ್ಲವರ್ ಗಾರ್ಡನ್' ಅಂತಿದೆ. ಪತ್ರಿಕೆಯ ಹೆಸರು, ವರ್ಷ ಹರಿದುಹೋಗಿವೆ. ಹುಡುಕಿದರೆ ಈ ಚಿತ್ತಾರ 1835ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಅಂತ ಒಂದು ಕಡೆ ಬರೆದಿದ್ದರು. ಹಾಗಾದರೆ ಆಯಿಯ ಕೌದಿ ನಮ್ಮದಲ್ವಾ? ಎರಡೂ ಮಗ್ಗುಲಿನ ಫೋಟೊ ಕಳಿಸಿದ್ದೇನೆ.
— ಓದುಗರು, ಶಹಾಪುರ

ಉತ್ತರ: ತಂಗಿ, ಮೊದಲು ಆ 1835ರ ಮಾತು ಮುಗಿಸೋಣ. ಫಿಲಡೆಲ್ಫಿಯಾದಿಂದ 'ಗೋಡೀಸ್ ಲೇಡೀಸ್ ಬುಕ್' ಅಂತ ಹೆಂಗಸರ ಪತ್ರಿಕೆ ಬರುತ್ತಿತ್ತು. ಅದರ 1835ರ ಜನವರಿ ಸಂಚಿಕೆಯಲ್ಲಿ ಆರು ಮೂಲೆಯ ತುಂಡು ಜೋಡಿಸುವ ಬಗೆಯನ್ನು ಅಚ್ಚು ಹಾಕಿದರು. ಅಮೆರಿಕದಲ್ಲಿ ಅಚ್ಚಾದ ಇಂಥ ಮಾದರಿಗಳಲ್ಲಿ ಅದೇ ಮೊದಲನೆಯದು ಅಂತ ಹೇಳುತ್ತಾರೆ. ಆದರೆ ಅಚ್ಚಾದ ದಿನವೇ ಹುಟ್ಟಿದ ದಿನ ಅಲ್ಲ. ಅದಕ್ಕೂ ಮುಂಚೆ, ಹದಿನೆಂಟನೇ ಶತಮಾನದಲ್ಲೇ, ಇಂಗ್ಲೆಂಡಿನ ಹೆಂಗಸರು ಇದನ್ನು ಹೊಲಿಯುತ್ತಿದ್ದರು. ಕೈಯಲ್ಲಿದ್ದ ಕೆಲಸ ಆಮೇಲೆ ಕಾಗದಕ್ಕೆ ಬಂತು, ಅಷ್ಟೇ.

ನಿಮ್ಮ ಹಾಳೆ ಅಷ್ಟು ಹಳೆಯದಲ್ಲ. ಅದರ ತಲೆಬರಹವೇ ಅದನ್ನು ಹೇಳುತ್ತದೆ. 1835ರ ಪತ್ರಿಕೆ ಇದನ್ನು ಕರೆದದ್ದು ಜೇನುಹುಟ್ಟು ಅಂತ. 'ಅಜ್ಜಿಯ ಹೂದೋಟ' ಎಂಬ ಹೆಸರು ಮನೆಮಾತಾದದ್ದು ಸುಮಾರು ನೂರು ವರ್ಷದ ಮೇಲೆ, 1930ರ ಆಸುಪಾಸಿನಲ್ಲಿ. ಆಗ ಅಮೆರಿಕದ ಪತ್ರಿಕೆಗಳಲ್ಲಿ ಕೌದಿ ಮಾದರಿಗಳ ಸುಗ್ಗಿ. 'ಕನ್ಸಾಸ್ ಸಿಟಿ ಸ್ಟಾರ್' ಒಂದೇ 1928ರಿಂದ 1961ರವರೆಗೆ ಅಚ್ಚು ಹಾಕುತ್ತಾ ಹೋಯಿತು. ಎಷ್ಟೋ ಮಾದರಿಗಳನ್ನು ಓದುಗರೇ ತಮ್ಮ ಮನೆಯ ಹಳೆ ಹೊದಿಕೆ ನೋಡಿ ಬರೆದು ಕಳಿಸುತ್ತಿದ್ದರು. ಒಂದೇ ಚಿತ್ತಾರಕ್ಕೆ ಊರಿಗೊಂದು ಹೆಸರು ಬಂದದ್ದು ಹೀಗೆ. ಹೆಸರು ಹಿಡಿದು ಹೊರಟರೆ ಪತ್ರಿಕೆಯ ಕಾಲ ಸಿಗುತ್ತದೆ, ಚಿತ್ತಾರದ ಕಾಲ ಸಿಗುವುದಿಲ್ಲ. ಹಾಳೆಯ ಹಿಂಬದಿಯನ್ನೂ ನೋಡಿ. ಅಲ್ಲಿನ ಜಾಹೀರಾತು, ಬೆಲೆ, ಮೋಟಾರು ಕಾರಿನ ಚಿತ್ರ ಇವು ವರ್ಷವನ್ನು ಇನ್ನೂ ಹತ್ತಿರ ತಂದುಕೊಡುತ್ತವೆ.

ಈಗ ಕೌದಿ. ನೀವು ಹಿಂಬದಿಯ ಫೋಟೊ ಕಳಿಸಿದ್ದು ತುಂಬ ಒಳ್ಳೆಯದಾಯಿತು. ಎಲ್ಲರೂ ಮುಂಬದಿಯನ್ನಷ್ಟೇ ಕಳಿಸುತ್ತಾರೆ, ಆದರೆ ಹೊಲಿದವರ ಕೈ ಕಾಣುವುದು ಹಿಂದೆ.

ಇಂಗ್ಲೆಂಡಿನ ಪದ್ಧತಿಯಲ್ಲಿ ಕಾಗದವನ್ನು ಆರು ಮೂಲೆಗೆ ಕತ್ತರಿಸುತ್ತಾರೆ. ಬಟ್ಟೆಯನ್ನು ಅದರ ಮೇಲೆ ಮಡಚಿ ಟಾಕುತ್ತಾರೆ. ಆಮೇಲೆ ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಕಾಗದ ಅಳತೆ ಹಿಡಿಯುವುದರಿಂದ ಎಲ್ಲ ತುಂಡೂ ಒಂದೇ ಸಮ ಬರುತ್ತವೆ. ಕೆಲವು ಹಳೆಯ ಹೊದಿಕೆಗಳಲ್ಲಿ ಆ ಕಾಗದ ಒಳಗೇ ಉಳಿದಿರುತ್ತದೆ. ಹಳೆ ಪತ್ರ, ಹಳೆ ಪೇಪರು. ಅದರಿಂದಲೇ ಕಾಲ ಹೇಳುವುದುಂಟು.

ನಿಮ್ಮ ಆಯಿ ಹಾಗೆ ಮಾಡಿಲ್ಲ. ಅಡಿಗೆ ಹಳೆ ಸೀರೆ ಹಾಸಿ, ನಡುವೆ ಹಳೆ ಅರಿವೆ ಹರವಿದ್ದಾರೆ. ತುಂಡುಗಳ ಅಂಚು ಮಡಚಿ ಮೇಲಿಟ್ಟು, ಎಲ್ಲ ಪದರವನ್ನೂ ಸೇರಿಸಿ ಒಂದೇ ಓಟದ ಹೊಲಿಗೆ ಹಾಕಿದ್ದಾರೆ. ಸಾಲು ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದಿದೆ. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಏರಿವೆ. ಒಂದು ಹೂವಿನ ಎರಡು ಎಸಳು ಸಣ್ಣವು. ನಮ್ಮ ಅವ್ವ ಕೂತು ಹೊಲಿಯುತ್ತಿದ್ದದ್ದೂ ಹೀಗೇ. ನಾಲ್ಕು ಮಂದಿ ನಾಲ್ಕು ಮಗ್ಗುಲಿಗೆ ಕೂತು ಒಳಕ್ಕೆ ಸರಿಯುತ್ತಾ ಹೋಗುವುದು. ಕೊನೆಯ ಹೊಲಿಗೆಗೆ ಮುಂಚೆ ನಡುವೆ ಜೋಳದ ರೊಟ್ಟಿಯ ಚೂರು ಇಟ್ಟು ಬಾಯಿ ಮುಚ್ಚುತ್ತಿದ್ದರು. ಕೌದಿಯ ಹೊಟ್ಟೆ ತುಂಬಬೇಕು ಅಂತ.

ಹಾಗಾಗಿ ನನಗೆ ಅನಿಸುವುದು ಇಷ್ಟು. ಆಕಾರ ಆ ಹಾಳೆಯಿಂದಲೋ ಬೋರ್ಡಿಂಗಿನ ಟೀಚರಿಂದಲೋ ಬಂದಿರಬಹುದು. ಯಾದಗಿರಿ, ಬೀದರ್ ಕಡೆ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು ಇದ್ದರು, ಪತ್ರಿಕೆ ಬಂದ ದಾರಿ ಅದೇ ಇರಬಹುದು. ಆದರೆ ಹೊಲಿಗೆ ಪೂರ್ತಿ ನಮ್ಮ ಕಡೆಯದು. ಅದು ಕೌದಿಯೇ.

ಆರು ಮೂಲೆ ಬೀದರಿನ ಹಳೆ ಕಟ್ಟಡಗಳ ಚಿತ್ತಾರದಿಂದ ಬಂದಿದ್ದು ಅಂತ ನಿಮಗೆ ಯಾರಾದರೂ ಹೇಳಬಹುದು. ನನಗೂ ಆ ಆಸೆ ಒಮ್ಮೆ ಬಂದಿತ್ತು. ಆಕಾರ ಒಂದೇ ಇದ್ದ ಮಾತ್ರಕ್ಕೆ ನಂಟು ಕಟ್ಟಬಾರದು.

ಬಟ್ಟೆಯನ್ನೂ ಓದಿ. ಹಳೆ ತುಂಡಿನ ಮೂಲೆಯಲ್ಲಿ ಮಿಲ್ಲಿನ ಮುದ್ರೆ ಉಳಿದಿದೆಯಾ ನೋಡಿ, ನಮ್ಮ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನದೇ ಇದ್ದರೂ ಇರಬಹುದು. ಸಡಿಲವಾದ ಒಂದೆಳೆ ಕಿತ್ತು ಸುಡಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗುಂಡಾದರೆ ಪಾಲಿಯೆಸ್ಟರ್. ಅಂದರೆ ಆ ತುಂಡು 1960ರ ಈಚಿನದು.

ಇದೇ ಥರ ಹುಡುಕುವ ಬೇರೆಯವರಿಗೂ ಒಂದು ಮಾತು. ನಮ್ಮ ಭಾಗ 1948ರವರೆಗೆ ನಿಜಾಮರ ರಾಜ್ಯ. ಶಾಲೆ, ಕಚೇರಿ ಎಲ್ಲ ಉರ್ದು. ಹಳೆ ಕನ್ನಡ ಪತ್ರಿಕೆಯಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ. ಲಾಹೋರಿನಿಂದ 1898ರಲ್ಲಿ ಶುರುವಾದ 'ತಹಜೀಬ್-ಎ-ನಿಸ್ವಾನ್' ಥರದ ಉರ್ದು ಮಹಿಳಾ ಪತ್ರಿಕೆಗಳನ್ನೂ ನೋಡಿ. ಉರ್ದು ಓದಬಲ್ಲ ಹಿರಿಯರು ಇನ್ನೂ ಓಣಿ ಓಣಿಯಲ್ಲಿದ್ದಾರೆ.

ಕೊನೆಗೆ ಆ ಹೆಸರು. ನಿಮ್ಮ ಹಾಳೆಯಲ್ಲಿ ಹೂದೋಟ ಇದೆ, ಜೇನು ಇಲ್ಲ. ಆದರೂ ಆಯಿ ಜೇನಹುಟ್ಟ ಅಂದರು. ಟೀಚರು ಹಳೆ ಹೆಸರು ಹೇಳಿದ್ದರಾ? ಇಲ್ಲಾ ಹೊಲದ ಬದುವಿನ ಬೇವಿನ ಮರದಲ್ಲಿ ಆಯಿಯೇ ಜೇನು ಕಂಡು ಇಟ್ಟ ಹೆಸರಾ? ಅವರ ಜತೆ ಬೋರ್ಡಿಂಗಿನಲ್ಲಿದ್ದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೇಳಿ. ಅವರು ಹೇಳಿದ್ದನ್ನು ನನಗೂ ಬರೆಯಿರಿ.

ಪ್ರಶ್ನೆ: ಹಳೆ ಕೌದಿಯನ್ನು ವಾಷಿಂಗ್ ಮಷಿನ್‌ಗೆ ಹಾಕಬಹುದಾ?
— ಓದುಗರು, ಹುಮನಾಬಾದ್

ಉತ್ತರ: ಬೇಡಮ್ಮ. ನೆನೆದ ಕೌದಿ ಭಾಳ ಭಾರ, ಹಳೆ ದಾರ ಕಿತ್ತುಹೋಗುತ್ತದೆ. ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ತಣ್ಣೀರಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ಹಾಕಬೇಡಿ, ನೆರಳಲ್ಲಿ ಹೊರಸಿನ ಮೇಲೆ ಹರವಿ. ಎತ್ತಿಡುವಾಗ ಪ್ರತಿ ಸಲ ಮಡಿಕೆ ಬದಲಿಸಿ. ಬೇವಿನ ಎಲೆ ಇಡುವುದಾದರೆ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಇಡಿ.