ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಊಡ್ನಡಟ್ಟ ಟ್ರ್ಯಾಕ್‌ನಲ್ಲಿ ಟೆಂಟ್ ಪ್ರವಾಸ ಮಾಡಬಹುದೇ?

ಜುಲೈನಲ್ಲಿ ಊರಿಂದ ಅಪ್ಪ-ಅಮ್ಮ ಮೆಲ್ಬರ್ನ್‌ಗೆ ಬರುತ್ತಾರೆ, ಆರು ದಿನ ರಜೆ ಇದೆ, ಔಟ್‌ಬ್ಯಾಕ್, ಅಂದರೆ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು, ತೋರಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ. ಆದರೆ ಆರು ದಿನ ಸಾಲದು. ಒಂಬತ್ತು ದಿನ ಇಟ್ಟುಕೊಳ್ಳಿ, ಅದರಲ್ಲಿ ಎರಡು ದಿನಕ್ಕೆ ಯಾವ ಕಾರ್ಯಕ್ರಮವೂ ಬೇಡ. ರಜೆ ಸಿಗದಿದ್ದರೆ ಈ ಸಲ ಫ್ಲಿಂಡರ್ಸ್ ರೇಂಜಸ್ ಬೆಟ್ಟಸಾಲಿನವರೆಗೆ ಹೋಗಿ ಬನ್ನಿ, ಅದೂ ಚೆನ್ನಾಗಿದೆ.

ನಾವಿರುವುದು ಅಡಿಲೇಡ್‌ನಲ್ಲಿ. ಎರಡು ವರ್ಷದ ಹಿಂದೆ ಇದೇ ಜುಲೈನಲ್ಲಿ ಹಾಸನದಿಂದ ಬಂದಿದ್ದ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ನಾನು, ನಮ್ಮ ಯಜಮಾನರು ಹೊರಟೆವು. ಊಡ್ನಡಟ್ಟ ಟ್ರ್ಯಾಕ್ ಎಂದರೆ ಸೌತ್ ಆಸ್ಟ್ರೇಲಿಯಾದಲ್ಲಿ ಮರ್ರಿಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ರಸ್ತೆ. ನಡುವೆ ಪೆಟ್ರೋಲು, ಡೀಸೆಲ್ ಸಿಗುವುದು ವಿಲಿಯಂ ಕ್ರೀಕ್ ಮತ್ತು ಊಡ್ನಡಟ್ಟ ಎಂಬ ಪುಟ್ಟ ಊರುಗಳಲ್ಲಿ ಮಾತ್ರ. ಒಂದರಿಂದ ಇನ್ನೊಂದಕ್ಕೆ ಇನ್ನೂರು ಕಿಲೋಮೀಟರ್ ಇದೆ ಎಂದುಕೊಳ್ಳಿ.

ಮರುಭೂಮಿ ಎಂದರೆ ಎಲ್ಲರೂ ಬಿಸಿಲಿಗೆ ಹೆದರುತ್ತಾರೆ. ಬೇಸಿಗೆಯಲ್ಲಿ ಹೆದರಲೇಬೇಕು: ಊಡ್ನಡಟ್ಟದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ಜುಲೈನಲ್ಲಿ ಮಾತ್ರ ನಿಮ್ಮನ್ನು ತಡೆಯುವುದು ಮಳೆ. ಒಂದು ಹದ ಮಳೆ ಬಿದ್ದರೆ ಸಾಕು, ಗಟ್ಟಿಯಾಗಿದ್ದ ರಸ್ತೆ ನಾಟಿಗೆ ಸಿದ್ಧವಾದ ಗದ್ದೆಯಂತಾಗುತ್ತದೆ. ನಾವು ವಿಲಿಯಂ ಕ್ರೀಕ್‌ನಲ್ಲಿದ್ದ ರಾತ್ರಿ ಮಳೆ ಬಂತು. ಬೆಳಿಗ್ಗೆ ರಸ್ತೆ ಬಂದ್. ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದರೆ ದಂಡ ಹಾಕುತ್ತಾರೆ, ಹಾಕಬೇಕಾದದ್ದೇ. ಹಸಿ ರಸ್ತೆಯಲ್ಲಿ ಒಂದು ಗಾಡಿ ಕೊರೆದ ಹಳ್ಳ ಒಣಗಿದ ಮೇಲೆ ಕಲ್ಲಿನಂತಾಗಿ ಹಿಂದೆ ಬರುವವರ ಆಕ್ಸಲ್ ಮುರಿಯುತ್ತದೆ. ಎರಡು ದಿನ ಅಲ್ಲೇ ಉಳಿದೆವು. ಆಮೇಲೆ ಕೂಬರ್ ಪೀಡಿ ಕಡೆಯ ರಸ್ತೆ ಮೊದಲು ತೆರೆಯಿತು, ಆ ಕಡೆಗೇ ಹೊರಟೆವು. ಹಾಗಾಗಿ ಊಡ್ನಡಟ್ಟ ಊರನ್ನು ನಾನು ಇನ್ನೂ ನೋಡಿಲ್ಲ. ಸೋಮವಾರ ಆಫೀಸಿಗೆ ಹೋಗಲೇಬೇಕು ಎಂಬ ಒತ್ತಡ ಇದ್ದಿದ್ದರೆ ಆ ಕೆಸರಿಗೆ ಇಳಿದೇ ಬಿಡುತ್ತಿದ್ದೆವೇನೋ. ಎರಡು ದಿನ ಖಾಲಿ ಬಿಡಿ ಎಂದು ಹೇಳುತ್ತಿರುವುದು ಅದಕ್ಕೇ. ಪ್ರತಿದಿನ ಹೊರಡುವ ಮುಂಚೆ ಸೌತ್ ಆಸ್ಟ್ರೇಲಿಯಾ ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿ ನೋಡಿ.

ಈ ದಾರಿಯಲ್ಲೇ ಯಾಕೆ ಹೋಗಬೇಕು ಎಂದರೆ, ಇದು ನೀರಿನ ದಾರಿ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಭೂಗತ ಜಲರಾಶಿ ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿದೆ, ನಮ್ಮ ಕರ್ನಾಟಕದ ಎಂಟು ಪಟ್ಟಿಗೂ ಹೆಚ್ಚು. ಅದರ ಅಂಚಿನಲ್ಲಿ ನೀರು ಚಿಲುಮೆಯಾಗಿ ಮೇಲೆ ಬರುತ್ತದೆ. ಮೂಲನಿವಾಸಿಗಳು ಚಿಲುಮೆಯಿಂದ ಚಿಲುಮೆಗೆ ನಡೆದರು, ಡಾರ್ವಿನ್‌ಗೆ ಹೋಗುವ, 1872ರಲ್ಲಿ ಮುಗಿದ ತಂತಿ (ಟೆಲಿಗ್ರಾಫ್) ಮಾರ್ಗ ಅದೇ ಸಾಲು ಹಿಡಿಯಿತು, ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗುತ್ತಿದ್ದ ಹಳೇ ಘಾನ್ ರೈಲೂ ಅದನ್ನೇ ಹಿಡಿಯಿತು. 'ದಿ ಬಬ್ಲರ್' ಎಂಬ ಚಿಲುಮೆಯ ಹತ್ತಿರ ಸುಮ್ಮನೆ ಅರ್ಧ ಗಂಟೆ ನಿಲ್ಲಿ. ತಿಳಿನೀರಿನ ತಳದಲ್ಲಿ ಮರಳು ನಿಧಾನವಾಗಿ ಉಬ್ಬುತ್ತದೆ, ರಾಗಿ ಅಂಬಲಿ ಕುದಿಯುವಾಗ ಗುಳ್ಳೆ ಏಳುತ್ತದಲ್ಲ, ಹಾಗೆ. ಉಬ್ಬಿ, ಒಡೆದು, ಸುತ್ತಿಕೊಂಡು ಮತ್ತೆ ಕೂರುತ್ತದೆ. ಆ ಜಾಗದ ಹೆಸರು ವಬ್ಮಾ ಕಡಾರ್ಬು, ಇಲ್ಲಿನ ಮೂಲನಿವಾಸಿ ಅರಬಾನ ಜನರ ಮಾತಿನಲ್ಲಿ ಹಾವಿನ ತಲೆ ಎಂದರ್ಥ. ಅದನ್ನು ಹೇಳಿದ ತಕ್ಷಣ ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು.

ಅಪ್ಪ ಹಾಸನದಲ್ಲಿ ತಂತಿ ಇಲಾಖೆಯಲ್ಲಿದ್ದವರು. ಸ್ಟ್ರಾಂಗ್‌ವೇಸ್ ಸ್ಪ್ರಿಂಗ್ಸ್‌ನಲ್ಲಿ ಹಳೇ ತಂತಿ ಠಾಣೆಯ ಕಲ್ಲಿನ ಗೋಡೆಗಳು ಪಾಳುಬಿದ್ದು ನಿಂತಿವೆ. ಅಲ್ಲಿ ಅವರು ಗಾಡಿ ಹತ್ತಲೇ ಒಲ್ಲರು. "ಇಷ್ಟು ದೂರ ಬರೋ ಹೊತ್ತಿಗೆ ಸಿಗ್ನಲ್ ಸೋತು ಹೋಗಿರುತ್ತೆ ಕಣಮ್ಮ, ಇಲ್ಲಿ ಕೂತೋನು ಕೇಳಿಸ್ಕೊಂಡು ಮತ್ತೆ ಮುಂದಕ್ಕೆ ಹೊಡೀಬೇಕು" ಎನ್ನುತ್ತಾ ಗೋಡೆಯ ಕಲ್ಲಿನ ಮೇಲೆ ಬೆರಳಲ್ಲಿ ತಂತಿ ಯಂತ್ರದ 'ಕಟ್ಟು ಕಡ' ಸದ್ದು ಬಾರಿಸಿ ತೋರಿಸಿದರು. ಡಾರ್ವಿನ್‌ನಿಂದ ಸಮುದ್ರದಡಿ ಜಾವಾ, ಸಿಂಗಾಪುರ, ಮದ್ರಾಸ್ ದಾಟಿ ಲಂಡನ್ನಿಗೆ ಹೋಗುತ್ತಿದ್ದ ಸಂದೇಶಗಳು ಈ ಗೋಡೆಗಳ ನಡುವೆ ಹಾದುಹೋಗಿದ್ದವು. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತ 2013ರಲ್ಲೂ ಅಪ್ಪ ಅಷ್ಟು ಮಾತಾಡಿರಲಿಲ್ಲ.

ಇನ್ನು ಸುರಕ್ಷತೆ. ಗಾಡಿ ಕೆಟ್ಟು ನಿಂತರೆ ಗಾಡಿ ಬಿಟ್ಟು ಕದಲಬೇಡಿ. 1998ರ ಡಿಸೆಂಬರ್‌ನಲ್ಲಿ ಐರ್ ಸರೋವರದ ದಡದಲ್ಲಿ ಆಸ್ಟ್ರಿಯಾದ ಇಬ್ಬರ ಗಾಡಿ ಮರಳಿನಲ್ಲಿ ಹೂತಿತು. ಸಹಾಯ ಹುಡುಕಿಕೊಂಡು ವಿಲಿಯಂ ಕ್ರೀಕ್ ಕಡೆ ನಡೆದುಹೋದ ಹುಡುಗಿ ದಾರಿಯಲ್ಲೇ ತೀರಿಕೊಂಡಳು. ನೀರಿದ್ದ ಜಾಗಕ್ಕೆ ಹಿಂದಿರುಗಿದ ಹುಡುಗ ಬದುಕಿದ. ಇದನ್ನು ಅಪ್ಪ-ಅಮ್ಮನಿಗೂ ಬಿಡಿಸಿ ಹೇಳಿ. ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ, ಉಪಗ್ರಹಕ್ಕೆ ಸಂಕೇತ ಕಳಿಸುವ ತುರ್ತು ಬೀಕನ್ ತೆಗೆದುಕೊಳ್ಳಿ. ಸಂಜೆ ಬಿಸಿಲು ಇಳಿಯುವ ಮುಂಚೆ ಟೆಂಟ್ ಹಾಕಿ ಮುಗಿಸಿ. ಆಮೇಲೆ ಕಾಂಗರೂ, ದನ ಎಲ್ಲಾ ರಸ್ತೆಗೆ ಬರುತ್ತವೆ. ಬಾಡಿಗೆ ಗಾಡಿಯಾದರೆ ಮಣ್ಣು ರಸ್ತೆಗೆ ಅನುಮತಿ ಇದೆಯೇ ಎಂದು ಕರಾರಿನಲ್ಲಿ ಓದಿ, ಎರಡು ಸ್ಟೆಪ್ನಿ ಕೇಳಿ. ನಮಗೆ ಕೊಟ್ಟವರ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ, ಮನೆಯಲ್ಲೇ ನೋಡಿದ್ದರಿಂದ ಬಚಾವಾದೆವು.

ಊಟಕ್ಕೆ ಯೋಚನೆ ಬೇಡ. ರವೆ ಹುರಿದು ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿಕೊಳ್ಳಿ, ಬಿಸಿನೀರು ಹಾಕಿದರೆ ಉಪ್ಪಿಟ್ಟು. ಅವಲಕ್ಕಿ, ಚಟ್ನಿಪುಡಿ ಇರಲಿ. ಹಣ್ಣು, ಟೊಮೇಟೊ, ಹಸಿಮೆಣಸಿನಕಾಯಿ ಮಾತ್ರ ಮೆಲ್ಬರ್ನ್‌ನಿಂದ ತರಬೇಡಿ, ಹಣ್ಣುನೊಣದ ಭಯಕ್ಕೆ ಸೌತ್ ಆಸ್ಟ್ರೇಲಿಯಾದೊಳಗೆ ಬಿಡುವುದಿಲ್ಲ. ಗಡಿ ದಾಟಿದ ಮೇಲೆ ಕೊಳ್ಳಿ.

ಟ್ರ್ಯಾಕ್‌ನಲ್ಲಿ ಮೊದಲ ರಾತ್ರಿಗೆ ಕೌವರ್ಡ್ ಸ್ಪ್ರಿಂಗ್ಸ್ (Coward Springs) ಎಂಬ ಟೆಂಟ್ ಹಾಕುವ ಜಾಗ ಒಳ್ಳೆಯದು. ಶೌಚಾಲಯವಿದೆ, ಸೌದೆ ಉರಿಯಲ್ಲಿ ಕಾದ ನೀರಿನ ಸ್ನಾನವಿದೆ, ಬಚ್ಚಲುಮನೆ ಹಂಡೆಯ ನೀರಿನ ಅದೇ ಹೊಗೆ ವಾಸನೆ. ರಾತ್ರಿ ಚಳಿ ಸೊನ್ನೆಯ ಹತ್ತಿರ ಇಳಿಯಬಹುದು, ಹಿರಿಯರಿಗೆ ನೆಲದ ಹಾಸಿಗೆ ಬೇಡ, ಮಡಚುವ ಮಂಚ ಮತ್ತು ದಪ್ಪ ರಜಾಯಿ ಕೊಡಿ. ಅಮ್ಮನಿಗೆ ಮಂಡಿನೋವಿದೆ ಎಂದಿದ್ದೀರಿ. ನನ್ನ ಅಮ್ಮನಿಗೂ ಇದೆ, ಬಯಲಿನಲ್ಲಿ ಕೂರಲು ಆಗುವುದಿಲ್ಲ ಎಂದು ಮಡಚುವ ಕಮೋಡ್ ಕುರ್ಚಿ ಕೊಂಡಿದ್ದೆವು. ಅದು ಈಗ ನಮ್ಮ ಗ್ಯಾರೇಜಿನಲ್ಲಿದೆ. ಅಡಿಲೇಡ್ ಮೇಲೆ ಬರುವುದಾದರೆ ಮೆಸೇಜ್ ಮಾಡಿ, ತೆಗೆದುಕೊಂಡು ಹೋಗಿ.